ಹಸಿದ ರೋಗಾಣು ಸಾಯುತ್ತದೆಯೇ?

ಕೆಲವು ವರ್ಷಗಳ ಹಿಂದಿನ ಮಾತು. ಇಪ್ಪತ್ತಾರು ವರ್ಷದ ಯುವಕನೊಬ್ಬನನ್ನು ಆತನ ತಾಯಿ ನನ್ನ ಬಳಿ ಕರೆತಂದರು. ಲೇತ್ ಕೆಲಸ ಮಾಡುವ ಹುಡುಗ. ಎಂಟು ತಿಂಗಳ ಹಿಂದೆ ಕಫ ಪರೀಕ್ಷೆಯಲ್ಲಿ ಆತನಿಗೆ ಶ್ವಾಸಕೋಶದ ಕ್ಷಯವಿದೆ ಎಂದು ಗೊತ್ತಾಗಿ ಚಿಕಿತ್ಸೆ ಶುರುವಾಗಿತ್ತು. ಎರಡು ತಿಂಗಳು ತಪ್ಪದೆ ಮಾತ್ರೆ ನುಂಗಿದ. ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ಕಫದಲ್ಲಿ ರೋಗಾಣು ಕಾಣದಾಯಿತು. ‘ವಾಸಿಯಾಯಿತಲ್ಲ, ಇನ್ನೇಕೆ’ ಎಂದು ಮಾತ್ರೆಯನ್ನು ನಿಲ್ಲಿಸಿಬಿಟ್ಟ. ಈಗ ಮತ್ತೆ ಸಂಜೆಯ ಹೊತ್ತಿಗೆ ಜ್ವರ, ಕಫದಲ್ಲಿ ರಕ್ತ. ತೂಕ ನೋಡಿದರೆ ಕೇವಲ 41 ಕಿಲೋ.

ಊಟ ಹೇಗೆ ಮಾಡುತ್ತಾನೆ ಎಂದು ಕೇಳಿದೆ. ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ ಎಂದರು ತಾಯಿ. ಹಾಲು, ಮೊಟ್ಟೆ, ಬೇಳೆ ಎಲ್ಲವನ್ನೂ ತಿಂಗಳಿಂದ ನಿಲ್ಲಿಸಿದ್ದರು. “ಒಳಗಿರೋ ಹುಳಕ್ಕೆ ನಾವೇ ಊಟ ಹಾಕಿ ಸಾಕಬಾರದು ಅಂತ ಊರಲ್ಲಿ ಹೇಳಿದ್ರು ಡಾಕ್ಟ್ರೇ. ಹೊಟ್ಟೆಗೆ ಕೊಡದಿದ್ರೆ ಅದು ಸಾಯಬೇಕಲ್ವಾ?”

ಈ ಪ್ರಶ್ನೆ ಕೇಳಿ ನಗುವಂತಿಲ್ಲ. ಊಟವಿಲ್ಲದೆ ಯಾವ ಜೀವಿಯೂ ಬದುಕದು. ಬ್ಯಾಕ್ಟೀರಿಯಾ ಕೂಡ ಜೀವಿಯೇ. ಹಾಗಾದರೆ ಅದನ್ನು ಉಪವಾಸ ಕೆಡವಿ ಕೊಲ್ಲಬಹುದಲ್ಲವೇ? ಪ್ರಯೋಗಶಾಲೆಗಳಲ್ಲಿ ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಹಿಡಿದು ದಶಕಗಳಿಂದ ಕೆಲಸ ಮಾಡಿದ್ದಾರೆ. ಅವರಿಗೆ ಸಿಕ್ಕ ಉತ್ತರವನ್ನು ಪ್ರತಿ ಮನೆಯವರೂ ತಿಳಿದಿರುವುದು ಒಳ್ಳೆಯದು. ಕ್ಷಯಕ್ಕೆ ಆರು ತಿಂಗಳು ಮಾತ್ರೆ ಏಕೆ ಎಂಬುದರ ಗುಟ್ಟು ಆ ಉತ್ತರದಲ್ಲಿದೆ.

ಊಟ ಇದ್ದಾಗ

ನಮ್ಮ ಕರುಳಿನಲ್ಲಿ ವಾಸಿಸುವ ‘ಈ ಕೋಲೈ’ ಎಂಬ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ. ಬೇಕಾದ ಆಹಾರ, ಹದವಾದ ಬಿಸಿ ಸಿಕ್ಕರೆ ಇದು ಸುಮಾರು 20 ನಿಮಿಷಕ್ಕೊಮ್ಮೆ ಒಡೆದು ಎರಡಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಇದೇ ವೇಗದಲ್ಲಿ ಬೆಳೆದರೆ ಹತ್ತು ಗಂಟೆಯಲ್ಲಿ ಒಂದರಿಂದ ನೂರು ಕೋಟಿಗೂ ಹೆಚ್ಚಾಗಬೇಕು.

ಆದರೆ ಹಾಗೆ ಎಂದೆಂದಿಗೂ ಬೆಳೆಯುವುದಿಲ್ಲ. ಆಹಾರ ತೀರುತ್ತದೆ, ಅವುಗಳ ಕಶ್ಮಲವೇ ಸುತ್ತಲೂ ತುಂಬುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಪ್ರಕೃತಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಹೊಟ್ಟೆ ತುಂಬ ಸಿಗುವ ದಿನಗಳು ಕಡಿಮೆ. ಮಣ್ಣಿನಲ್ಲಿ, ನೀರಿನಲ್ಲಿ, ನಮ್ಮ ದೇಹದೊಳಗೆ ಅವು ಹೆಚ್ಚು ಕಾಲ ಅರೆಹೊಟ್ಟೆಯಲ್ಲೇ ಇರುತ್ತವೆ. ಆದ್ದರಿಂದ ಹಸಿವನ್ನು ಎದುರಿಸುವುದು ಅವಕ್ಕೆ ಹೊಸದಲ್ಲ. ಕೋಟ್ಯಂತರ ವರ್ಷಗಳ ಅಭ್ಯಾಸ.

ಹೆಪ್ಪಿನ ಮೊಸರು ಹೇಳುವ ಪಾಠ

ಇದಕ್ಕೆ ಗೃಹಿಣಿಯರಿಗೆಲ್ಲ ಗೊತ್ತಿರುವ ಒಂದು ಉದಾಹರಣೆಯಿದೆ. ಬೆಚ್ಚಗಿನ ಹಾಲಿಗೆ ನಿನ್ನೆಯ ಮೊಸರು ಒಂದು ಚಮಚ ಹಾಕಿದರೆ ಕೆಲವೇ ಗಂಟೆಗಳಲ್ಲಿ ಮೊಸರು ಹೆಪ್ಪುಗಟ್ಟುತ್ತದೆ. ಅದೇ ಫ್ರಿಜ್ಜಿನಲ್ಲಿ ಹತ್ತು ದಿನ ಕುಳಿತ ಮೊಸರಿನಿಂದ ಹೆಪ್ಪು ಹಾಕಿ ನೋಡಿ. ಮೊಸರು ಆಗುತ್ತದೆ, ಆದರೆ ತಡವಾಗಿ.

ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಹುಳಿ ಆಮ್ಲವನ್ನು ಹೊರಬಿಡುತ್ತದೆ. ಹುಳಿ ಹೆಚ್ಚಾದಂತೆ ಅದರ ಬೆಳವಣಿಗೆ ತಾನಾಗಿ ನಿಲ್ಲುತ್ತದೆ. ಹಳೆಯ ಮೊಸರಿನಲ್ಲಿ ಎಷ್ಟೋ ಸತ್ತಿರುತ್ತವೆ, ಉಳಿದವು ಕೆಲಸ ನಿಲ್ಲಿಸಿ ಸುಮ್ಮನಿರುತ್ತವೆ. ಹೊಸ ಹಾಲು ಸಿಕ್ಕಾಗ ಅವು ಎಚ್ಚೆತ್ತು, ಮುರಿದದ್ದನ್ನು ಸರಿಪಡಿಸಿಕೊಂಡು, ಆಮೇಲೆ ಬೆಳೆಯಲು ತೊಡಗುತ್ತವೆ. ತಡವಾಗುವುದು ಅದಕ್ಕೆ. ಬೆಳೆಯುತ್ತಿಲ್ಲವೆಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸತ್ತಿದೆ ಎನ್ನುವಂತಿಲ್ಲ ಎಂಬುದು ಇಲ್ಲಿಯ ಪಾಠ. ಹೆಪ್ಪಿನ ವಿಷಯದಲ್ಲಿ ಇದು ನಮಗೆ ಅನುಕೂಲ. ರೋಗಾಣುವಿನ ವಿಷಯದಲ್ಲಿ ಅಪಾಯ.

ಹಸಿವಿನ ಗಂಟೆ

ಬ್ಯಾಕ್ಟೀರಿಯಾಕ್ಕೆ ಮಿದುಳಿಲ್ಲ, ಹೊಟ್ಟೆಯೂ ಇಲ್ಲ. ಆಹಾರ ತೀರಿತೆಂದು ಅದಕ್ಕೆ ತಿಳಿಯುವುದು ಹೇಗೆ?

ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಪುಟ್ಟ ಕಾರ್ಖಾನೆಗಳಿವೆ. ಇವಕ್ಕೆ ರೈಬೋಸೋಮ್ ಎಂದು ಹೆಸರು. ಅಮೈನೋ ಆಮ್ಲಗಳು ಇವುಗಳ ಕಚ್ಚಾ ಸಾಮಗ್ರಿ. ಅದು ಬಾರದಿದ್ದರೆ ಖಾಲಿ ಗಾಡಿಗಳು ಕಾರ್ಖಾನೆಯ ಬಾಗಿಲಿಗೆ ಬಂದು ನಿಲ್ಲುತ್ತವೆ. ಒಡನೆಯೇ ಅಲ್ಲಿರುವ ಒಂದು ಕಿಣ್ವ ಎಚ್ಚರಗೊಂಡು ವಿಶೇಷ ರಾಸಾಯನಿಕವೊಂದನ್ನು ತಯಾರಿಸತೊಡಗುತ್ತದೆ. ಈ ರಾಸಾಯನಿಕವನ್ನು 1969ರಲ್ಲಿ ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ ಎಂಬ ಅಮೆರಿಕದ ವಿಜ್ಞಾನಿಗಳು ಬೆಳಕಿಗೆ ತಂದರು. ಹಸಿದ ಬ್ಯಾಕ್ಟೀರಿಯಾದ ಸಾರವನ್ನು ಬೇರ್ಪಡಿಸಿ ನೋಡಿದಾಗ, ಉಂಡ ಬ್ಯಾಕ್ಟೀರಿಯಾದಲ್ಲಿ ಕಾಣದ ಚುಕ್ಕೆ ಅಲ್ಲಿ ಮೂಡಿತ್ತು. ಅದಕ್ಕೆ ‘ಮಾಂತ್ರಿಕ ಚುಕ್ಕೆ’ ಎಂಬ ಅಡ್ಡಹೆಸರೇ ಬಿದ್ದಿತು. ಅದರ ರಾಸಾಯನಿಕ ಹೆಸರಿನ ಸಂಕ್ಷಿಪ್ತ ರೂಪ ‘ಪಿಪಿಜಿಪಿಪಿ’.

ಈ ಗಂಟೆ ಬಾರಿಸಿದೊಡನೆ ಕೋಶದ ಆಡಳಿತವೇ ಬದಲಾಗುತ್ತದೆ. ಹೊಸ ರೈಬೋಸೋಮ್‌ಗಳ ತಯಾರಿ ನಿಲ್ಲುತ್ತದೆ. ಕೋಶ ಒಡೆದು ಎರಡಾಗುವುದು ನಿಲ್ಲುತ್ತದೆ. ಇದ್ದಬದ್ದ ಶಕ್ತಿಯೆಲ್ಲ ಬದುಕಿ ಉಳಿಯುವುದಕ್ಕೆ ಮೀಸಲಾಗುತ್ತದೆ. ಮಳೆ ಕೈಕೊಟ್ಟ ವರ್ಷ ರೈತನ ಮನೆಯಲ್ಲಿ ಮದುವೆ ಮುಂದಕ್ಕೆ ಹೋಗುತ್ತದೆ, ಹೊಸ ಮನೆ ಕಟ್ಟುವುದು ನಿಲ್ಲುತ್ತದೆ, ಇರುವ ಕಾಳನ್ನು ಅಳೆದು ಅಳೆದು ಬಳಸುತ್ತಾರೆ. ಇಲ್ಲಿ ನಡೆಯುವುದೂ ಅಂಥದೇ ಲೆಕ್ಕಾಚಾರ.

ಬರಗಾಲದ ಸಂಸಾರ

ಹಸಿದ ಬ್ಯಾಕ್ಟೀರಿಯಾ ಒಂದೊಂದಾಗಿ ಹಲವು ಉಪಾಯಗಳನ್ನು ಮಾಡುತ್ತದೆ. ಮೊದಲು ಬೇರೆ ಊಟ ಹುಡುಕುತ್ತದೆ. ಇಷ್ಟದ ಗ್ಲೂಕೋಸ್ ಮುಗಿದರೆ ಬೇರೆ ಸಕ್ಕರೆ, ಅದೂ ಇಲ್ಲವಾದರೆ ಕೊಬ್ಬಿನ ಅಂಶ. ಈಜಲು ಬಲ್ಲ ಜಾತಿಗಳು ಆಹಾರವಿರುವ ಕಡೆಗೆ ಸಾಗುತ್ತವೆ.

ಏನೂ ಸಿಗದಿದ್ದರೆ ಸ್ವಂತ ಆಸ್ತಿಯನ್ನೇ ಕರಗಿಸುತ್ತದೆ. ಕೂಡಿಟ್ಟ ಪಿಷ್ಟದಂಥ ವಸ್ತು ಮೊದಲು ಹೋಗುತ್ತದೆ. ಆಮೇಲೆ ಬೇಡದ ಪ್ರೋಟೀನುಗಳು, ಹೆಚ್ಚಿನ ರೈಬೋಸೋಮ್‌ಗಳು. ಉಳಿಸಿಕೊಂಡ ರೈಬೋಸೋಮ್‌ಗಳಿಗೆ ಬೀಗ ಹಾಕಿ ಇಡುತ್ತದೆ. ಉದ್ದಕ್ಕಿದ್ದ ಕೋಶ ಕುಗ್ಗಿ ಚಿಕ್ಕದಾಗುತ್ತದೆ, ಹೊರಗೋಡೆ ಗಟ್ಟಿಯಾಗುತ್ತದೆ.

ವಂಶದ ದಾಖಲೆಯಾದ ಡಿ.ಎನ್.ಎ.ಯನ್ನಂತೂ ಬಹಳ ಜೋಪಾನ ಮಾಡುತ್ತದೆ. ಇದಕ್ಕೆಂದೇ ‘ಡಿಪಿಎಸ್’ ಎಂಬ ಪ್ರೋಟೀನ್ ಇದೆ. 1992ರಲ್ಲಿ ಮೊದಲು ವರ್ಣಿಸಲಾದ ಇದು ಹಸಿವಿನ ಕಾಲದಲ್ಲಿ ಡಿ.ಎನ್.ಎ.ಯನ್ನು ಒತ್ತಾಗಿ ಸುತ್ತಿಕೊಂಡು ಪೆಟ್ಟು ಬೀಳದಂತೆ ಕಾಯುತ್ತದೆ. ಮನೆಯ ಪತ್ರಗಳನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಂತೆ. ಕ್ಷಯದ ಬ್ಯಾಕ್ಟೀರಿಯಾದ ಬಳಗಕ್ಕೆ ಸೇರಿದ, ಆದರೆ ಅಷ್ಟು ಅಪಾಯಕಾರಿಯಲ್ಲದ ಒಂದು ಬ್ಯಾಕ್ಟೀರಿಯಾ ಹಸಿವನ್ನು ಹೇಗೆ ಎದುರಿಸುತ್ತದೆ, ಅದರಲ್ಲಿ ಈ ಪ್ರೋಟೀನ್ ಮತ್ತು ಮಾಂತ್ರಿಕ ಚುಕ್ಕೆಯ ಪಾತ್ರವೇನು ಎಂಬ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ದೀಪಂಕರ್ ಚಟರ್ಜಿ ಮತ್ತು ಸಂಗಡಿಗರು ಬಹುಕಾಲ ಸಂಶೋಧನೆ ನಡೆಸಿದ್ದಾರೆ.

ಕೆಲವು ಜಾತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೀಜಕಗಳಾಗುತ್ತವೆ. ಧನುರ್ವಾಯು ಉಂಟುಮಾಡುವ ಬ್ಯಾಕ್ಟೀರಿಯಾ ಈ ಗುಂಪಿನದು. ಇದರ ಬೀಜಕ ದಪ್ಪ ಕವಚ ತೊಟ್ಟು ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದಿರಬಲ್ಲದು. ತುಕ್ಕು ಮೊಳೆ ಚುಚ್ಚಿದಾಗ ಚುಚ್ಚುಮದ್ದು ಹಾಕಿಸಿಕೊಳ್ಳಿ ಎನ್ನುವುದು ತುಕ್ಕಿಗೆ ಹೆದರಿ ಅಲ್ಲ, ಅದಕ್ಕೆ ಅಂಟಿದ ಮಣ್ಣಿನ ಬೀಜಕಗಳಿಗೆ ಹೆದರಿ. ಅನ್ನವನ್ನು ಬೆಳಗಿನಿಂದ ರಾತ್ರಿಯವರೆಗೆ ಹೊರಗೇ ಇಟ್ಟು ಉಂಡು ವಾಂತಿ ಮಾಡಿಕೊಳ್ಳುವವರಲ್ಲೂ ಹಲವು ಸಲ ಇಂಥದೇ ಒಂದು ಬೀಜಕದ ಕೈವಾಡವಿರುತ್ತದೆ. ಅಕ್ಕಿಯಲ್ಲಿರುವ ಈ ಬೀಜಕ ಅನ್ನ ಬೆಂದರೂ ಬದುಕಿ ಉಳಿಯಬಲ್ಲದು. ಅನ್ನ ಆರಿದ ಮೇಲೆ ಮೊಳೆತು ವಿಷ ತಯಾರಿಸುತ್ತದೆ.

ಸಾವು ಬರುವುದು ಹೀಗೆ

ಇಷ್ಟೆಲ್ಲ ಮಾಡಿದರೂ ಹಸಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಕೊನೆಗೆ ಸಾಯುತ್ತವೆ, ನಿಜ. ಬೀಜಕವಾಗದ ಬ್ಯಾಕ್ಟೀರಿಯಾ ಕೆಲಸ ಮಾಡದೆ ಸುಮ್ಮನಿದ್ದರೂ ಖರ್ಚು ತಪ್ಪಿದ್ದಲ್ಲ. ಕೋಶದ ಪೊರೆಯ ಒಳಗೆ ಮತ್ತು ಹೊರಗೆ ಲವಣಗಳ ಪ್ರಮಾಣ ಬೇರೆ ಬೇರೆ ಇರಬೇಕು. ಆ ವ್ಯತ್ಯಾಸವನ್ನು ಕಾಯಲು ಪೊರೆಯಲ್ಲಿರುವ ಪಂಪುಗಳು ಹಗಲಿರುಳು ದುಡಿಯಬೇಕು. ಅದಕ್ಕೆ ಶಕ್ತಿ ಬೇಕು. ತಳ ತೂತಾದ ದೋಣಿಯಲ್ಲಿ ಕುಳಿತವನು ನೀರು ಮೊಗೆದು ಹೊರಗೆ ಹಾಕುತ್ತಲೇ ಇರಬೇಕು. ಕೈ ಸೋತ ಗಳಿಗೆಯಲ್ಲಿ ದೋಣಿ ಮುಳುಗುತ್ತದೆ. ಬ್ಯಾಕ್ಟೀರಿಯಾ ಸಾಯುವುದೂ ಹೀಗೆಯೇ. ಶಕ್ತಿ ತೀರಿದಾಗ ಪಂಪು ನಿಲ್ಲುತ್ತದೆ, ಒಳಗಿನ ಸಮತೋಲ ಕುಸಿಯುತ್ತದೆ. ಇದರ ಜೊತೆಗೆ ಆಮ್ಲಜನಕದ ಹೊಡೆತಕ್ಕೆ ಪ್ರೋಟೀನುಗಳೂ ಡಿ.ಎನ್.ಎ.ಯೂ ಕೆಡುತ್ತ ಬರುತ್ತವೆ. ರಿಪೇರಿಗೆ ಕಾಸಿಲ್ಲದ ಮನೆಯಂತೆ ಅದು ಒಳಗಿಂದಲೇ ಹಾಳಾಗುತ್ತದೆ.

ಆದರೆ ಇಲ್ಲಿಯೇ ಒಂದು ಸೋಜಿಗವಿದೆ. ಸತ್ತ ಬ್ಯಾಕ್ಟೀರಿಯಾದ ದೇಹ ಬದುಕಿರುವವಕ್ಕೆ ಆಹಾರವಾಗುತ್ತದೆ. ಉಪವಾಸ ಕೆಡವಿದ ಈ ಕೋಲೈ ಯಾವ ವೇಗದಲ್ಲಿ ಸಾಯುತ್ತದೆ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆಂದು ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು 2019ರಲ್ಲಿ ತೋರಿಸಿದರು. ಬದುಕಿರುವ ಒಂದೊಂದಕ್ಕೂ ದಿನಕ್ಕೆ ಎಷ್ಟು ಖರ್ಚು ಎಂಬುದು ಮೊದಲನೆಯದು. ಸತ್ತ ಒಂದೊಂದರಿಂದ ಎಷ್ಟು ಆಹಾರ ಸಿಗುತ್ತದೆ ಎಂಬುದು ಎರಡನೆಯದು. ಅಂದರೆ ಕೆಲವು ಸಾಯುವುದೇ ಉಳಿದವುಗಳ ಜೀವನಾಧಾರ.

ಪ್ರಯೋಗಶಾಲೆಯ ಸೀಸೆಯಲ್ಲಿ ಈ ಕೋಲೈಯನ್ನು ಬೆಳೆಸಿ, ಹೊಸ ಆಹಾರ ಕೊಡದೆ ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಾಯುತ್ತವೆ. ಆದರೆ ಉಳಿದ ಒಂದು ಪಾಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಕೋಟಿಯಲ್ಲಿ ಶೇಕಡ ಒಂದೆಂದರೂ ಒಂದು ಲಕ್ಷವಾಯಿತು! ರೋಗ ಮರುಕಳಿಸಲು ಅಷ್ಟೂ ಬೇಡ. ಉಪವಾಸದಿಂದ ರೋಗಾಣುಗಳನ್ನು ಕಡಿಮೆ ಮಾಡಬಹುದೇ ಹೊರತು ನಿರ್ಮೂಲ ಮಾಡಲಾಗದು ಎನ್ನುವುದು ಇದಕ್ಕೇ.

ಉಪವಾಸದಲ್ಲಿ ಪಳಗಿದ ಕ್ಷಯ

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದುದನ್ನು ಜಗತ್ತಿಗೆ ಸಾರಿದರು. ಉಪವಾಸದ ವಿದ್ಯೆಯಲ್ಲಿ ಇದನ್ನು ಮೀರಿಸುವ ರೋಗಾಣುಗಳು ಕಡಿಮೆ. ಇದು ಬೀಜಕವಾಗುವುದಿಲ್ಲ. ಹೊಟ್ಟೆ ತುಂಬಿದ್ದಾಗಲೂ ನಿಧಾನಿ. ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಮೇಣದಂಥ ಕೊಬ್ಬಿನ ದಪ್ಪ ಗೋಡೆ ಇದರ ರಕ್ಷೆ.

ಇದು ಶ್ವಾಸಕೋಶ ಹೊಕ್ಕಾಗ ನಮ್ಮ ರಕ್ಷಣಾ ಕೋಶಗಳು ಸುತ್ತುವರಿದು ಗಂಟು ಕಟ್ಟುತ್ತವೆ. ಆ ಗಂಟಿನ ನಡುವೆ ಆಮ್ಲಜನಕ ಕಡಿಮೆ, ಆಹಾರ ಕಡಿಮೆ. ಒಂದು ಬಗೆಯ ಸೆರೆಮನೆ. ಒಳಗಿನ ಕ್ಷಯಾಣು ಹಸಿವಿನ ಗಂಟೆ ಬಾರಿಸಿ, ಬೆಳವಣಿಗೆ ನಿಲ್ಲಿಸಿ, ನಮ್ಮದೇ ಕೋಶಗಳ ಕೊಬ್ಬು ಮತ್ತು ಕೊಲೆಸ್ಟರಾಲನ್ನು ಚೂರುಚೂರೇ ತಿಂದುಕೊಂಡು ಕಾಲ ಹಾಕುತ್ತದೆ. ಮಾಂತ್ರಿಕ ಚುಕ್ಕೆಯನ್ನು ತಯಾರಿಸುವ ಕಿಣ್ವವನ್ನು ತೆಗೆದುಹಾಕಿದ ಕ್ಷಯಾಣುಗಳು ಇಲಿಗಳ ದೇಹದಲ್ಲಿ ಬಹುಕಾಲ ತಾಳಲಾರವು ಎಂಬುದು ಪ್ರಯೋಗಗಳಿಂದ ಗೊತ್ತಾಗಿದೆ.

ಇದರ ತಾಳ್ಮೆ ಎಷ್ಟೆಂದು ನೋಡಿ. ನೀಕಾ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಷಯಾಣುಗಳನ್ನು ಬರೀ ಭಟ್ಟಿ ಇಳಿಸಿದ ನೀರಿನಲ್ಲಿ ಎರಡು ವರ್ಷ ಇಟ್ಟಿದ್ದರು. ಕಫ ಪರೀಕ್ಷೆಯಲ್ಲಿ ರೋಗಾಣುವನ್ನು ತೋರಿಸಿಕೊಡುವ ಕೆಂಪು ಬಣ್ಣವನ್ನು ಸಹ ಅವು ಹಿಡಿಯದಾಗಿದ್ದವು. ಆದರೆ ಆಹಾರ ಕೊಟ್ಟಾಗ ಮತ್ತೆ ಬೆಳೆದವು, ಬಣ್ಣವನ್ನೂ ಹಿಡಿದವು. ಎರಡು ವರ್ಷದ ನಿರಾಹಾರವನ್ನು ತಾಳುವ ಜೀವಿಗೆ ನಮ್ಮ ಒಂದು ತಿಂಗಳ ಗಂಜಿ ಪಥ್ಯ ಯಾವ ಲೆಕ್ಕ?

ಜಗತ್ತಿನ ಜನರಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರಿಗೆ ಕ್ಷಯದ ಸೋಂಕು ತಗಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಜನರಿಗೆ ರೋಗ ಬರುವುದೇ ಇಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲೋ ರೋಗ ತಲೆಯೆತ್ತುತ್ತದೆ. ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಎಚ್.ಐ.ವಿ. ಸೋಂಕು, ಬೀಡಿ-ಸಿಗರೇಟು, ಕುಡಿತ ಇವು ಕಾವಲನ್ನು ಸಡಿಲಿಸುವ ಮುಖ್ಯ ಕಾರಣಗಳು.

ಮಲಗಿದವನಿಗೆ ಮದ್ದು ತಾಗದು

ಇನ್ನು ಮಾತ್ರೆಯ ವಿಷಯ. ಪೆನ್ಸಿಲಿನ್ ಬಂದ ಹೊಸದರಲ್ಲಿ, 1944ರಲ್ಲಿ, ಐರ್ಲೆಂಡಿನ ಜೋಸೆಫ್ ಬಿಗರ್ ಎಂಬ ವೈದ್ಯವಿಜ್ಞಾನಿ ಒಂದು ವಿಚಿತ್ರವನ್ನು ಗಮನಿಸಿದರು. ಕೀವಿನ ಬ್ಯಾಕ್ಟೀರಿಯಾಗಳ ಮೇಲೆ ಎಷ್ಟು ಪೆನ್ಸಿಲಿನ್ ಸುರಿದರೂ ಬೆರಳೆಣಿಕೆಯಷ್ಟು ಉಳಿದುಬಿಡುತ್ತಿದ್ದವು. ಉಳಿದವನ್ನು ಬೆಳೆಸಿ ಮತ್ತೆ ಪೆನ್ಸಿಲಿನ್ ಹಾಕಿದರೆ ಹೆಚ್ಚಿನವು ಮೊದಲಿನಂತೆಯೇ ಸಾಯುತ್ತಿದ್ದವು. ಹಾಗಾದರೆ ಅವು ಮೊದಲ ಸಲ ಬದುಕಿದ್ದು ಹೇಗೆ? ಆ ಹೊತ್ತಿನಲ್ಲಿ ಅವು ಬೆಳೆಯದೆ ಮಲಗಿದ್ದವು ಎಂದು ಬಿಗರ್ ತರ್ಕಿಸಿದರು. ಅವಕ್ಕೆ ‘ಪಟ್ಟು ಬಿಡದವು’ ಎಂಬರ್ಥದ ಹೆಸರಿಟ್ಟರು.

ಪೆನ್ಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟುವಾಗ. ಅದು ಗಾರೆಯವನ ಕೈ ಹಿಡಿದುಬಿಡುತ್ತದೆ. ಅರೆಬರೆ ಗೋಡೆ ಕುಸಿದು ಮನೆ ಬೀಳುತ್ತದೆ. ಆದರೆ ಮನೆ ಕಟ್ಟುವ ಕೆಲಸವೇ ನಿಂತಿದ್ದರೆ ಗಾರೆಯವನ ಕೈ ಹಿಡಿದು ಏನು ಪ್ರಯೋಜನ? ಬಹಳಷ್ಟು ಆಂಟಿಬಯೋಟಿಕ್‌ಗಳ ಕಥೆ ಇಷ್ಟೇ. ಎಚ್ಚರವಿದ್ದು ದುಡಿಯುವ ಬ್ಯಾಕ್ಟೀರಿಯಾವನ್ನು ಅವು ಚೆನ್ನಾಗಿ ಕೊಲ್ಲುತ್ತವೆ, ಹಸಿದು ಮಲಗಿದ್ದನ್ನು ಮುಟ್ಟಲಾರವು.

ಔಷಧಿ ನಿರೋಧಕ ರೋಗಾಣು ಬೇರೆ, ಮಲಗಿದ ರೋಗಾಣು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ನಿರೋಧಕ ರೋಗಾಣು ಔಷಧಿಯ ನಡುವೆಯೇ ಬೆಳೆಯುತ್ತದೆ. ಮಲಗಿದ್ದು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಔಷಧಿ ನಿಲ್ಲುವುದನ್ನೇ ಕಾಯುತ್ತಿರುತ್ತದೆ.

ಕ್ಷಯದ ಚಿಕಿತ್ಸೆಯನ್ನು ಈ ಲೆಕ್ಕದಲ್ಲಿ ನೋಡಿದರೆ ಅರ್ಥವಾಗುತ್ತದೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು: ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಚುರುಕಾಗಿ ಬೆಳೆಯುವ ಕ್ಷಯಾಣುಗಳನ್ನು ಐಸೋನಿಯಜಿಡ್ ಬೇಗ ಕೊಲ್ಲುತ್ತದೆ. ಹುಳಿ ವಾತಾವರಣದಲ್ಲಿ ತೂಕಡಿಸುತ್ತಿರುವವನ್ನು ಪೈರಜಿನಮೈಡ್ ನೋಡಿಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಕಣ್ಣು ಬಿಟ್ಟು ಮತ್ತೆ ಮಲಗುವವನ್ನು ಹಿಡಿಯುವುದು ರಿಫಾಂಪಿಸಿನ್. ಬ್ರಿಟನ್ನಿನ ವಿಜ್ಞಾನಿ ಡೆನಿಸ್ ಮಿಚಿಸನ್ ಕೊಟ್ಟ ಈ ವಿವರಣೆ ವೈದ್ಯರಿಗೆಲ್ಲ ಪರಿಚಿತ.

ಅಂದರೆ ಮೊದಲ ಎರಡು ತಿಂಗಳಲ್ಲಿ ಎಚ್ಚರವಿದ್ದ ರೋಗಾಣುಗಳೆಲ್ಲ ಹೆಚ್ಚುಕಡಿಮೆ ಸತ್ತಿರುತ್ತವೆ. ಜ್ವರ, ಕೆಮ್ಮು ತಂದವು ಅವೇ ಆದ್ದರಿಂದ ರೋಗಿಗೆ ವಾಸಿಯಾದಂತೆ ಅನಿಸುತ್ತದೆ. ಉಳಿದ ನಾಲ್ಕು ತಿಂಗಳ ಮಾತ್ರೆ ಮಲಗಿದವು ಒಂದೊಂದಾಗಿ ಏಳುವುದನ್ನು ಕಾದು ಕುಳಿತಿರುವ ಪಹರೆ. ಪಹರೆಯವನನ್ನು ನಡುವೆ ಮನೆಗೆ ಕಳಿಸಿದರೆ ಎದ್ದವನಿಗೆ ದಾರಿ ಸಲೀಸು. ನಮ್ಮ ಯುವಕನಿಗೆ ಆದದ್ದು ಇದೇ. ಮಾತ್ರೆಯನ್ನು ನಾಲ್ಕು ದಿನ ನುಂಗಿ ನಾಲ್ಕು ದಿನ ಬಿಡುವವರಲ್ಲಿ ಇನ್ನೊಂದು ಅಪಾಯವೂ ಇದೆ: ಬದುಕಿ ಬೆಳೆಯುವ ರೋಗಾಣುಗಳ ನಡುವೆ ನಿಜವಾದ ನಿರೋಧಕ ತಳಿ ಹುಟ್ಟಿಕೊಳ್ಳಬಹುದು. ಆಮೇಲಿನ ಚಿಕಿತ್ಸೆ ಕಠಿಣ.

ಚಿಕಿತ್ಸೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ದಾಖಲೆಯಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960ರ ದಶಕದಲ್ಲಿ ಬೆಂಗಳೂರು ಸುತ್ತಲಿನ ಹಳ್ಳಿಗಳಲ್ಲಿ ಐದು ವರ್ಷಗಳ ಸಮೀಕ್ಷೆ ನಡೆಸಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ತೀರಿಕೊಂಡಿದ್ದರು.

ಲಂಘನ ಯಾರಿಗೆ?

‘ಲಂಘನಂ ಪರಮೌಷಧಂ’ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಅಜೀರ್ಣವಾದಾಗ ಒಂದು ಹೊತ್ತು ಊಟ ಬಿಡುವುದರಲ್ಲಿ, ಜ್ವರದ ದಿನ ಹಸಿವಿಲ್ಲವೆಂದು ಗಂಜಿ ಕುಡಿಯುವುದರಲ್ಲಿ ತಪ್ಪಿಲ್ಲ. ಆದರೆ ತಿಂಗಳುಗಟ್ಟಲೆ ನಡೆಯುವ ಕಾಯಿಲೆಗೆ ಇದನ್ನು ಅನ್ವಯಿಸಬಾರದು.

ಕುತೂಹಲದ ಸಂಗತಿ ಎಂದರೆ, ರೋಗಾಣುವನ್ನು ಉಪವಾಸ ಕೆಡವುವ ವಿದ್ಯೆ ನಮ್ಮ ದೇಹಕ್ಕೆ ಮೊದಲೇ ಗೊತ್ತು. ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಕಬ್ಬಿಣದ ಅಂಶ ಬೇಕೇ ಬೇಕು. ಸೋಂಕು ತಗಲಿದೊಡನೆ ದೇಹವು ರಕ್ತದಲ್ಲಿ ಓಡಾಡುವ ಕಬ್ಬಿಣವನ್ನು ಎಳೆದುಕೊಂಡು ಯಕೃತ್ತು ಮತ್ತಿತರ ಕಡೆ ಬಚ್ಚಿಡುತ್ತದೆ. ಸತು, ಮ್ಯಾಂಗನೀಸ್ ಇವನ್ನೂ ಕೈಗೆ ಸಿಗದಂತೆ ಮಾಡುತ್ತದೆ. ಕ್ಷಯಾಣು ಸುಮ್ಮನಿರುವುದಿಲ್ಲ, ಕಬ್ಬಿಣವನ್ನು ಕದಿಯಲೆಂದೇ ತನ್ನದೊಂದು ರಾಸಾಯನಿಕವನ್ನು ತಯಾರಿಸಿ ಕಳಿಸುತ್ತದೆ. ಹೀಗೆ ಒಳಗೊಳಗೇ ಕಸರತ್ತು ನಡೆದಿರುತ್ತದೆ. ಈ ಕಾದಾಟ ನಡೆಸುವ ರಕ್ಷಣಾ ಕೋಶಗಳಿಗೆ ಪ್ರೋಟೀನ್ ಬೇಕು, ಶಕ್ತಿ ಬೇಕು. ನಾವು ಊಟ ಬಿಟ್ಟರೆ ಹಸಿಯುವುದು ಆ ಕಾವಲುಗಾರರೇ. ಕ್ಷಯಾಣು ಮಾತ್ರ ನಮ್ಮ ದೇಹದ ಕೊಬ್ಬನ್ನೇ ತಿಂದು ಕಾಲ ತಳ್ಳುತ್ತದೆ.

ಈ ಮಾತಿಗೆ ಗಟ್ಟಿಯಾದ ಆಧಾರ 2023ರಲ್ಲಿ ಸಿಕ್ಕಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಅಧ್ಯಯನವದು. 2,800 ಕ್ಷಯರೋಗಿಗಳು ಮತ್ತು ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿ ಸೇರಿದ್ದರು. ರೋಗಿಗಳೆಲ್ಲರಿಗೂ ಪೌಷ್ಟಿಕ ಆಹಾರದ ಪಡಿ ಕೊಡಲಾಯಿತು. ಒಂದು ಗುಂಪಿನಲ್ಲಿ ಮಾತ್ರ ಮನೆಯ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಫಲಿತಾಂಶ ನೋಡಿ: ಪಡಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39ರಷ್ಟು, ಸಾಂಕ್ರಾಮಿಕವಾದ ಶ್ವಾಸಕೋಶದ ಕ್ಷಯ ಶೇಕಡ 48ರಷ್ಟು ಕಡಿಮೆಯಾಗಿತ್ತು. ರೋಗಿಗಳ ಪೈಕಿ ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ಶೇಕಡ 60ರಷ್ಟು ಕಡಿಮೆಯಿತ್ತು. ಅಕ್ಕಿ ಬೇಳೆಗೆ ಇಷ್ಟು ಶಕ್ತಿಯಿದೆ.

ಮತ್ತೆ ಆ ತಾಯಿ

ಆ ತಾಯಿಗೆ ನಾನು ಹೇಳಿದ್ದು ಇಷ್ಟು: “ನೋಡಮ್ಮ, ನಿಮ್ಮ ಮಗನ ಹೊಟ್ಟೆಗೆ ಕೊಡದಿದ್ದರೆ ಹುಳ ಸಾಯೋದಿಲ್ಲ, ಮಲಗುತ್ತೆ. ಸೊರಗೋದು ನಿಮ್ಮ ಮಗ. ಹುಳವನ್ನು ಕೊಲ್ಲೋ ಕೆಲಸ ಮಾತ್ರೆಗೆ ಬಿಡಿ. ಮಗನನ್ನು ಸಾಕೋ ಕೆಲಸ ನಿಮ್ಮದು.”

ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದೆವು. ಅದೃಷ್ಟವಶಾತ್ ರೋಗಾಣು ನಿರೋಧಕವಾಗಿರಲಿಲ್ಲ. ಹಿಂದೆ ಮಲಗಿದ್ದವೇ ಎದ್ದಿದ್ದವು. ಚಿಕಿತ್ಸೆ ಮೊದಲಿನಿಂದ ಶುರುವಾಯಿತು. ಈ ಸಲ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುವ ಕೆಲಸವನ್ನು ತಾಯಿಯೇ ವಹಿಸಿಕೊಂಡರು. ಮುದ್ದೆ, ಹುರುಳಿಕಾಳಿನ ಸಾರು, ದಿನಕ್ಕೊಂದು ಮೊಟ್ಟೆ, ಮೊಸರು, ಕಡಲೆಕಾಯಿ, ದುಬಾರಿಯದೇನೂ ಇಲ್ಲ. ಚಿಕಿತ್ಸೆ ಮುಗಿದ ದಿನ ತೂಕ 52 ಕಿಲೋ. ಲೇತ್ ಕೆಲಸಕ್ಕೆ ಮರಳಿದ ಹುಡುಗನಿಗಿಂತ ಗೀಟುಗಳು ತುಂಬಿದ ಕ್ಯಾಲೆಂಡರ್ ಹಿಡಿದು ಬಂದ ತಾಯಿಯ ಮುಖ ನನಗೆ ಇನ್ನೂ ನೆನಪಿದೆ.

ನೆನಪಿನಲ್ಲಿಡಿ

* ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

* ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು.

* ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ, ಅದು ರಿಫಾಂಪಿಸಿನ್ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಂದೇ ವೈದ್ಯರನ್ನು ಕಾಣಿ.

* ಕ್ಷಯರೋಗಿಗೆ ಪಥ್ಯವೆಂದು ಊಟ ಕಡಿಮೆ ಮಾಡಬೇಡಿ. ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ರೂಢಿಯಿದ್ದರೆ ಮೀನು ಮಾಂಸ ಕೊಡಿ. ತಿಂಗಳಿಗೊಮ್ಮೆ ತೂಕ ನೋಡಿ. ಸಕ್ಕರೆ ಕಾಯಿಲೆ ಇದ್ದವರು ಆಹಾರದ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ.

* ಮನೆಯ ಉಳಿದವರೂ ತಪಾಸಣೆ ಮಾಡಿಸಿಕೊಳ್ಳಬೇಕು. ರೋಗವಿಲ್ಲದವರಲ್ಲಿ ಮಲಗಿರಬಹುದಾದ ಸೋಂಕಿಗೆ ತಡೆ ಚಿಕಿತ್ಸೆಯಿದೆ.

* ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ರೋಗಿಗಳ ಬ್ಯಾಂಕ್ ಖಾತೆಗೆ ಹಣ ಹಾಕುತ್ತಿದೆ. ತಿಂಗಳಿಗೆ 500 ರೂಪಾಯಿ ಇದ್ದುದನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಅದನ್ನು ಕೇಳಿ ಪಡೆಯಿರಿ, ಊಟಕ್ಕೇ ಬಳಸಿ.